ಬೀಜ ಮೊಳೆಸುವ ಬದಲು ಬೇಯಿಸುವ ಹೀಟ್ ಮ್ಯಾಟ್ ಬಗ್ಗೆ ದೂರು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ

ವಿಷಯ: ಹೀಟ್ ಮ್ಯಾಟ್‌ನಲ್ಲಿ ಶಾಖ ಅಳೆಯುವ ಸೆನ್ಸರ್ ತಪ್ಪು ಜಾಗದಲ್ಲಿರುವುದು, ಹಣ ವಾಪಸ್ ಮಾಡುವುದು

ಮಾನ್ಯರೇ,

ನಾನು ಮಡಿಕೇರಿಯವಳು. ಡಿಸೆಂಬರ್‌ನಲ್ಲಿ ಇಲ್ಲಿಯ ರಾತ್ರಿ ಚಳಿ ನಿಮಗೂ ಗೊತ್ತಿರಬಹುದು. ಆಗ ದೊಣ್ಣೆ ಮೆಣಸಿನ ಬೀಜ ಹಾಕಿದರೆ ಸುಲಭಕ್ಕೆ ಮೊಳೆಯುವುದಿಲ್ಲ. ಅದಕ್ಕೆ ಮಣ್ಣು 27ರಿಂದ 30 ಡಿಗ್ರಿ ಬೆಚ್ಚಗಿರಬೇಕು. ಮೇಲಿನ ಗಾಳಿ ತಣ್ಣಗಿದ್ದರೂ ನಡೆಯುತ್ತದೆ, ಬೀಜ ಕೂತಿರುವ ಜಾಗ ಬೆಚ್ಚಗಿದ್ದರೆ ಸಾಕು. ಹೀಗೆ ಅಡಿಯಿಂದ ಹದವಾಗಿ ಶಾಖ ಕೊಡಲೆಂದೇ, ಟ್ರೇಯ ಕೆಳಗೆ ಹಾಸುವ ನಿಮ್ಮ ಕರೆಂಟ್ ಮ್ಯಾಟ್ ತರಿಸಿದ್ದು.

ಜಾಹೀರಾತಿನ ಫೋಟೋದಲ್ಲಿ ಸೆನ್ಸರ್ ವೈರ್ ಟ್ರೇಯ ಮಣ್ಣಿನೊಳಗೆ ಇಳಿದಿದೆ. ಮನೆಗೆ ಬಂದ ಮ್ಯಾಟ್‌ನಲ್ಲಿ ಆ ವೈರೇ ಇಲ್ಲ! ಸೆನ್ಸರನ್ನು ಮ್ಯಾಟ್‌ನ ಒಂದು ಮೂಲೆಯೊಳಗೆ ಸೇರಿಸಿ ಅಂಟಿಸಿಬಿಟ್ಟಿದ್ದೀರಿ. ಮೂಲೆ ಬೇಗ ತಣ್ಣಗಾಗುವ ಜಾಗ ಅಲ್ವಾ? ಅಲ್ಲಿ ಹೊಂದಿಸಿದ 28 ಡಿಗ್ರಿ ಬರುವವರೆಗೂ ಮ್ಯಾಟ್ ಬಿಸಿಯಾಗುತ್ತಲೇ ಇರುತ್ತದೆ. ಅಷ್ಟರಲ್ಲಿ ನಡುವಿನ ಬೀಜಗಳ ಗತಿ ಏನು? ಪ್ರೋಟ್ರೇಯ (ಸಣ್ಣ ಸಣ್ಣ ಗುಣಿಗಳಿರುವ ಸಸಿ ಟ್ರೇ) ನಡುವಿನ ಗುಣಿಗೆ ಮಣ್ಣಿನ ಥರ್ಮಾಮೀಟರ್ ಚುಚ್ಚಿದಾಗ 41 ತೋರಿಸಿತು. ಇನ್ನೊಂದು ಥರ್ಮಾಮೀಟರ್ ಇಟ್ಟು ನೋಡಿದೆ, ಅದೂ ಅಷ್ಟೇ ಹೇಳಿತು. ಅದೇ ಹೊತ್ತಿಗೆ ನಿಮ್ಮ ಮ್ಯಾಟ್‌ನ ಪರದೆಯ ಮೇಲೆ 28 ಇತ್ತು. ಎರಡರ ಫೋಟೋವನ್ನೂ ಜೊತೆಗೆ ಕಳಿಸಿದ್ದೇನೆ.

ನಡುವಿನ ಸಾಲುಗಳಲ್ಲಿ ಒಂದೂ ಮೊಳೆಯಲಿಲ್ಲ. ಕೆದಕಿ ನೋಡಿದರೆ ಬೀಜ ಮೆತ್ತಗಾಗಿ ವಾಸನೆ ಬರುತ್ತಿತ್ತು. ಹೈಬ್ರಿಡ್ ಬೀಜವನ್ನು ಎಣಿಸಿ ಮಾರುತ್ತಾರೆ, ಒಂದೊಂದಕ್ಕೂ ದುಡ್ಡು.

ನಿಮ್ಮ ಕಸ್ಟಮರ್ ಕೇರ್‌ನವರು "ಪರದೆಯಲ್ಲಿ 28 ಇದೆಯಲ್ಲ ಮೇಡಂ, ಬೀಜವೇ ಹಳತಿರಬೇಕು" ಎಂದರು. ಈ ಮಾತು ನನಗೆ ತುಂಬಾ ಬೇಸರ ತಂದಿತು. ಅದೇ ಪ್ಯಾಕೆಟ್‌ನಲ್ಲಿ ಉಳಿದಿದ್ದ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಬಚ್ಚಲ ಒಲೆಯ ಹತ್ತಿರದ ಕಟ್ಟೆಯ ಮೇಲೆ ಇಟ್ಟಿದ್ದೆ. ಅವು ಚೆನ್ನಾಗಿ ಮೊಳಕೆ ಒಡೆದವು. ಬೀಜದಲ್ಲಿ ತಪ್ಪಿಲ್ಲ.

ಮ್ಯಾಟ್ ಜೊತೆ ಬಂದ ಚೀಟಿಯೂ ದಾರಿ ತಪ್ಪಿಸುತ್ತದೆ. "ಎಲ್ಲಾ ಬೀಜಗಳಿಗೂ ಬಳಸಿ" ಎಂದು ಬರೆದಿದ್ದೀರಿ. ಸಲಾಡ್‌ಗೆ ಹಾಕುವ ಲೆಟ್ಯೂಸ್ ಸೊಪ್ಪಿಗೆ ತಂಪೇ ಬೇಕು. ಮಣ್ಣು ಜಾಸ್ತಿ ಬಿಸಿಯಾದರೆ ಲೆಟ್ಯೂಸ್ ಬೀಜ ಮೊಳೆಯದೆ ಸುಮ್ನೆ ಕೂತುಬಿಡುತ್ತದೆ. "ಸಸಿ ದೊಡ್ಡದಾಗುವವರೆಗೂ ಮ್ಯಾಟ್ ಮೇಲಿಡಿ" ಎಂಬುದಂತೂ ಪೂರ್ತಿ ತಪ್ಪು. ಹೆಚ್ಚಿನ ಬೀಜ ಮೊಳೆತು ಮೇಲೆ ಬಂದ ಕೂಡಲೇ ಟ್ರೇಯನ್ನು ಮ್ಯಾಟ್‌ನಿಂದ ಇಳಿಸಿ ಒಳ್ಳೆಯ ಬೆಳಕಿಗೆ ಇಡಬೇಕು. ಶಾಖ ಜಾಸ್ತಿ, ಬೆಳಕು ಕಡಿಮೆ ಆದರೆ ಸಸಿ ಉದ್ದುದ್ದ ಎದ್ದು ಬಾಗುತ್ತದೆ. ಹೊಸದಾಗಿ ಕೈತೋಟ ಮಾಡುವವರು ನಿಮ್ಮ ಚೀಟಿಯನ್ನೇ ನಂಬುತ್ತಾರೆ. ಬೀಜ ಹೋದ ಮೇಲೆ "ನಮ್ಮ ಕೈಗುಣವೇ ಸರಿಯಿಲ್ಲ" ಎಂದು ಕೈಬಿಡುತ್ತಾರೆ. ನನಗೆ ದುಡ್ಡಿಗಿಂತ ಈ ಸಂಕಟ ದೊಡ್ಡದು.

ಮ್ಯಾಟ್‌ನ ಪೂರ್ತಿ ಹಣ, ಹಾಳಾದ ಬೀಜದ ಬೆಲೆ ಎರಡನ್ನೂ ವಾಪಸ್ ಕೊಡಿ. ಬಿಲ್ ಲಗತ್ತಿಸಿದ್ದೇನೆ. ಮ್ಯಾಟನ್ನು ನಿಮ್ಮ ಖರ್ಚಿನಲ್ಲೇ ತೆಗೆದುಕೊಂಡು ಹೋಗಿ. ಮಣ್ಣಿಗೆ ಇಳಿಸುವ ಸೆನ್ಸರ್ ಕೊಡುವವರೆಗೆ ಆ ಫೋಟೋವನ್ನು ಜಾಹೀರಾತಿನಿಂದ ತೆಗೆಯಿರಿ, ಚೀಟಿಯನ್ನೂ ತಿದ್ದಿ.

ಹದಿನೈದು ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಬರದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನಾನಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಅದಕ್ಕೂ ತಯಾರಿದ್ದೇನೆ.

ಇಂತಿ,
ನಿಮ್ಮ ಗ್ರಾಹಕಿ
ಮಡಿಕೇರಿ

ಲಗತ್ತು: ಬಿಲ್, ಥರ್ಮಾಮೀಟರ್ ಮತ್ತು ಪರದೆಯ ಫೋಟೋಗಳು, ಜಾಹೀರಾತಿನ ಚಿತ್ರ