ಮಣ್ಣು ಓದುವವರು ನಮ್ಮ ಜಿಲ್ಲೆಯಿಂದಲೂ ಬರಲಿ

ಸಂಪಾದಕರಿಗೆ,

ಮಾನ್ಯರೇ,

ಬಿ.ಎಸ್ಸಿ. ಕೃಷಿ ಮುಗಿಸಿದ ಹುಡುಗ ಹುಡುಗಿಯರನ್ನು ಮುಂದೇನು ಎಂದು ಕೇಳಿದರೆ ಬ್ಯಾಂಕ್ ಪರೀಕ್ಷೆ, ಇಲ್ಲವೇ ಕೆಎಎಸ್ ಎನ್ನುತ್ತಾರೆ. ತಪ್ಪೇನಿಲ್ಲ. ಆದರೆ ಮಣ್ಣು ವಿಜ್ಞಾನದಲ್ಲಿ ಎಂ.ಎಸ್ಸಿ., ಪಿಎಚ್.ಡಿ. ಮಾಡಬಹುದು ಎಂದು ಅವರಿಗೆ ಹೇಳುವವರೇ ಕಡಿಮೆ. ಚಿಕ್ಕಮಗಳೂರಿನವರಿಗಂತೂ ಈ ವಿಷಯ ಮನೆ ಬಾಗಿಲಲ್ಲೇ ಇದೆ. ಮೂಡಿಗೆರೆ, ಕೊಪ್ಪದ ಕಡೆ ಮಳೆಗೆ ಸಾರ ತೊಳೆದುಹೋಗಿ ಹುಳಿಯಾದ ಮಣ್ಣು. ಕಾಫಿ ತೋಟಕ್ಕೆ ಆಗಾಗ ಸುಣ್ಣ ಕೊಡಲೇಬೇಕು. ಕಡೂರಿನ ಕಡೆ ಇಳಿದರೆ ಕೆಂಪು ಮಣ್ಣು, ನಡುನಡುವೆ ಎರೆ ಹೊಲ.

ವಿಶ್ವಬ್ಯಾಂಕ್ ನೆರವಿನ ಸುಜಲಾ-3 ಎಂಬ ಜಲಾನಯನ ಯೋಜನೆಯಲ್ಲಿ ಮಣ್ಣು ಸಮೀಕ್ಷೆ ನಡೆದ 11 ಜಿಲ್ಲೆಗಳಲ್ಲಿ ನಮ್ಮದೂ ಇತ್ತು. ಇಂಥ ಸಮೀಕ್ಷೆಯವರು ಸುಮ್ನೆ ಒಂದು ಹಿಡಿ ಮಣ್ಣು ಚೀಲಕ್ಕೆ ತುಂಬಿಕೊಂಡು ಹೋಗುವುದಿಲ್ಲ. ಆಳದ ಗುಂಡಿ ತೆಗೆಸಿ ಒಳಗೆ ಇಳಿಯುತ್ತಾರೆ. ಪದರ ಪದರವಾಗಿ ಮಣ್ಣು ಕೆದಕಿ ಬಣ್ಣದ ಪಟ್ಟಿಗೆ ಹಿಡಿದು ನೋಡುತ್ತಾರೆ. ಒದ್ದೆ ಮಾಡಿದ ಮಣ್ಣನ್ನು ಹೆಬ್ಬೆರಳಲ್ಲಿ ಒತ್ತಿ ಪಟ್ಟಿಯಂತೆ ಎಳೆಯುತ್ತಾರೆ. ಪಟ್ಟಿ ಉದ್ದ ಬಂದಷ್ಟೂ ಜಿಗುಟು ಜಾಸ್ತಿ ಅಂತ ಅರ್ಥ. ಒಂದು ಹನಿ ಆಸಿಡ್ ಬಿಟ್ಟಾಗ ನೊರೆ ಎದ್ದರೆ ಸುಣ್ಣ ಇದೆ. ಇದೆಲ್ಲ ಸೇರಿ ಸರ್ವೆ ನಂಬರ್ ಮಟ್ಟದ ನಕ್ಷೆಯಾಗುತ್ತದೆ.

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಮೇಲ್ಮಣ್ಣಿನ 12 ಅಂಶಗಳ ಲೆಕ್ಕ ಇರುತ್ತದೆ. ಮಣ್ಣು ಎಷ್ಟು ಆಳ ಇದೆ, ಕೆಳಗೆ ಬಂಡೆಯೋ ಗರಸೋ ಎಂಬುದು ಆ 12ರಲ್ಲಿ ಇಲ್ಲ. ಬಯಲು ಸೀಮೆಯಲ್ಲಿ ಅಡಿಕೆ ಹಾಕುವವರಿಗೆ ಮೊದಲು ಬೇಕಾಗಿರುವುದು ಅದೇ ಅಲ್ವಾ? ಅದು ಸಿಗುವುದು ಸಮೀಕ್ಷೆಯ ನಕ್ಷೆಯಲ್ಲಿ, ಆದರೆ ಆ ನಕ್ಷೆ ನೋಡಿ ಗಿಡ ಇಟ್ಟವರನ್ನು ನಾನಂತೂ ಕಂಡಿಲ್ಲ.

ಈಗ ಗುಂಡಿಗಳ ಮಾಹಿತಿಗೆ ಉಪಗ್ರಹ ಚಿತ್ರ, ಇಳಿಜಾರು, ಮಳೆಯ ಲೆಕ್ಕ ಸೇರಿಸಿ, ಗುಂಡಿ ತೆಗೆಯದ ಜಾಗದ ಮಣ್ಣನ್ನೂ ಕಂಪ್ಯೂಟರಿನಲ್ಲಿ ಅಂದಾಜು ಮಾಡುತ್ತಾರೆ. ಇದಕ್ಕೆ ಕಂಪ್ಯೂಟರ್ ಒಂದೇ ಗೊತ್ತಿದ್ದರೆ ಸಾಲದು. ಹೊಲಕ್ಕೆ ಇಳಿದು ಗೊತ್ತಿರುವವರೇ ಬೇಕು.

ಓದಲು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ (ಜಿಕೆವಿಕೆ) ಇದೆ, ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯ ಇದೆ. ಮಣ್ಣು ಸಮೀಕ್ಷೆಯ ರಾಷ್ಟ್ರೀಯ ಸಂಸ್ಥೆ ಇರುವುದು ನಾಗಪುರದಲ್ಲಿ, ಅದರ ಪ್ರಾದೇಶಿಕ ಕೇಂದ್ರ ಬೆಂಗಳೂರಿನ ಹೆಬ್ಬಾಳದಲ್ಲಿ. ಉಪಗ್ರಹ ಚಿತ್ರದ ಕಡೆ ಒಲವಿದ್ದವರಿಗೆ ಇಸ್ರೋದ ಡೆಹ್ರಾಡೂನ್ ಸಂಸ್ಥೆ ಉಚಿತ ಆನ್‌ಲೈನ್ ಕೋರ್ಸ್‌ಗಳನ್ನೂ ನಡೆಸುತ್ತದೆ. ನಮ್ಮ ಬಾಳೆಹೊನ್ನೂರಿನಲ್ಲಂತೂ 1925ರಿಂದ ಕಾಫಿ ಸಂಶೋಧನೆ ನಡೆದಿದೆ.

ನನ್ನ ಕೋರಿಕೆ ದೊಡ್ಡದಲ್ಲ. ಎಂ.ಎಸ್ಸಿ. ಪ್ರಬಂಧಕ್ಕೆ ಈ ಜಿಲ್ಲೆಯ ಹೊಲ, ತೋಟ ಆರಿಸಿಕೊಳ್ಳುವ ವಿದ್ಯಾರ್ಥಿಗಳಿಗೆ ಸಮೀಕ್ಷೆಯ ಮಾಹಿತಿ ಸುಲಭವಾಗಿ ಸಿಗಲಿ. ಬೆಳೆಗಾರರ ಸಂಘಗಳು ವರ್ಷಕ್ಕೆ ಒಬ್ಬಿಬ್ಬರ ಓಡಾಟದ, ಮಣ್ಣು ಪರೀಕ್ಷೆಯ ಖರ್ಚು ನೋಡಿಕೊಳ್ಳಲಿ. ಸ್ನಾತಕೋತ್ತರ ಪ್ರವೇಶಕ್ಕೆ ಅರ್ಜಿ ಕರೆದಾಗ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲೂ ಅದು ಬರಲಿ, ಕೊನೇ ದಿನಾಂಕಕ್ಕೆ ಮುಂಚೆ.

– ಒಬ್ಬ ಕೃಷಿಕ, ಕಡೂರು ತಾಲ್ಲೂಕು