ಕಣದ ಅಕ್ಕನಿಗೆ, ಎಳ್ಳು-ಬೆಲ್ಲದ ಜೊತೆ

ಸಂಕ್ರಾಂತಿ ಮುಗಿದು ವಾರವಾಯಿತು. ಎಳ್ಳು-ಬೆಲ್ಲದ ಡಬ್ಬಿಯಲ್ಲಿ ಈಗ ಉಳಿದಿರುವುದು ಹುರಿಗಡಲೆ ಮಾತ್ರ. ಕೊಬ್ಬರಿ, ಕಡಲೆಬೀಜ, ಸಕ್ಕರೆ ಅಚ್ಚು ಎಲ್ಲ ಮಕ್ಕಳ ಪಾಲು. ಅರೇಬಿಕಾ ಪಾರ್ಚ್‌ಮೆಂಟಿನ (ಹಣ್ಣಿನ ಸಿಪ್ಪೆ ಸುಲಿದು ತೊಳೆದು, ಒಳಸಿಪ್ಪೆ ಸಮೇತ ಒಣಗಿಸಿದ ಕಾಫಿ ಬೀಜದ) ಕೊನೆಯ ಮೂಟೆ ನಿನ್ನೆ ಸಂಜೆ ಗೋಡೌನ್ ಸೇರಿತು. ಅದಾದ ಮೇಲೇ ಬರೆಯೋಣ ಅಂತ ಕಾದಿದ್ದೆವು. ಮೂಡಿಗೆರೆ ಕಡೆಯ ಗೋಣಿಬೀಡಿನ ಈಚೆ ಒಂದೇ ಪಲ್ಪರ್ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ), ಕಾಫಿ ಒಣಗಿಸುವ ಒಂದೇ ಕಣ ಹಂಚಿಕೊಂಡಿರುವ ಐದು ಮನೆಯವರು ಸೇರಿ, ಮಳೆಯಲ್ಲಿ ನಮ್ಮ ಕಾಫಿ ಉಳಿಸಿದ ಅಕ್ಕನಿಗೆ ಕೃತಜ್ಞತೆ ಹೇಳಲು ಹಾಕುತ್ತಿರುವ ಬರಹ ಇದು.

ಊರಿನ ಸುಗ್ಗಿ ಹಬ್ಬ ಇನ್ನೂ ಯುಗಾದಿ ಕಡೆಗಿದೆ. ಅದು ಗದ್ದೆಯ ಲೆಕ್ಕದ ಹಬ್ಬ. ಕಾಫಿಯವರಿಗೆ ಸಂಕ್ರಾಂತಿ ಬಂದು ಬೀಳುವುದು ಕುಯ್ಲಿನ ನಟ್ಟನಡುವೆ: ಅರೇಬಿಕಾ ಕಣದಲ್ಲಿ, ರೋಬಸ್ಟಾ ಗಿಡದಲ್ಲಿ, ಕುಯ್ಯುವವರು ಹಬ್ಬಕ್ಕೆ ಊರಿಗೆ ಹೊರಡುವ ಬಸ್ಸಿನಲ್ಲಿ. ಅಂಥ ಹೊತ್ತಿಗೇ ಮಳೆ ಹಿಡಿಯಿತು. ಆ ಮೂರು ದಿನ ಏನಾಯಿತು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ, ಎಲ್ಲರ ಕಣವೂ ನೆನೆದಿದೆ.

ಟಾರ್ಪಾಲು ಕೊಟ್ಟ ಕೆಳಗಿನ ಮನೆಯವರು, ಕರೆಂಟ್ ಹೋದಾಗ ಡೀಸೆಲ್ ಎಂಜಿನ್ ತಂದು ಪಲ್ಪರಿಗೆ ಬೆಲ್ಟ್ ಹಾಕಿಕೊಟ್ಟವರು, ಜೀಪಿನ ಹೆಡ್‌ಲೈಟ್ ಹಚ್ಚಿಕೊಂಡು ಬೆಳಗಿನವರೆಗೆ ನಿಂತ ಹುಡುಗರು, ಹಬ್ಬಕ್ಕೆ ಹೋಗಿ ಮೂರನೇ ದಿನವೇ ವಾಪಸ್ ಬಂದ ಬಯಲುಸೀಮೆಯ ಆಳುಗಳು, ಮಧ್ಯರಾತ್ರಿ ಅವರೆಕಾಳು ಉಪ್ಪಿಟ್ಟು ಮಾಡಿ ಕಳಿಸಿದ ಅಜ್ಜಿ: ನಿಮಗೆಲ್ಲ ಕೈ ಮುಗಿಯುತ್ತೇವೆ. ಒಂದೇ ಸಾಲಿನಲ್ಲಿ ಮುಗಿಸಿದೆವು ಅಂತ ಬೇಸರ ಬೇಡ. ಉಳಿದ ಜಾಗ ಯಾರಿಗೆ ಅಂತ ನಿಮಗೂ ಗೊತ್ತಿದೆ.

ನಮ್ಮ ಕಣದಲ್ಲಿ ಕೂಲಿ ಕೆಲಸ ಮಾಡುವ ಅಕ್ಕ, ಹೆಸರು ಹಾಕಬೇಡಿ ಅಂದಿದ್ದಾರೆ. ಕಣದ ಅಕ್ಕ ಅಂದರೆ ಸಾಕು, ಮೂರು ತೋಟದವರಿಗೆ ಗೊತ್ತಾಗುತ್ತದೆ.

ಆ ರಾತ್ರಿ ಕಣದ ಮೇಲೆ ನಾಲ್ಕು ಹದದ ಕಾಫಿ ಇತ್ತು. ಬೆಳಿಗ್ಗೆ ತೊಳೆದು ಜಾಲರಿ ಟ್ರೇ ಮೇಲೆ ನೀರು ಬಸಿಯಲು ಬಿಟ್ಟದ್ದು ಒಂದು. ಮೂರು ದಿನ ಒಣಗಿದ್ದು ಒಂದು. ಎಂಟು ದಿನವಾಗಿ ಇನ್ನೇನು ಮೂಟೆ ಕಟ್ಟಬೇಕು ಅನ್ನುವಂಥದ್ದು ಒಂದು. ಮೂಲೆಯಲ್ಲಿ ಪಲ್ಪರಿಗೆ ಹಾಕಲು ಬಾರದ ಕಾಯಿ-ಹಣ್ಣು ಬೆರೆತ ಚೆರಿ, ಅಂದರೆ ಸಿಪ್ಪೆ ಸಮೇತ ಇಡಿಯಾಗಿ ಒಣಗಿಸುವ ಕಾಫಿ. ಹನಿ ಬಿದ್ದ ತಕ್ಷಣ ಎಲ್ಲರೂ ಓಡಿದ್ದು ಟ್ರೇಗಳ ಕಡೆಗೆ. ಕತ್ತಲಲ್ಲಿ ಬೆಳ್ಳಗೆ ಕಾಣುತ್ತಿದ್ದದ್ದು ಅದೇ. ಅಕ್ಕ ಓಡಿದ್ದು ಎಂಟು ದಿನದ ರಾಶಿಗೆ.

ಯಾಕೆ ಅಂತ ಆಮೇಲೆ ಕೇಳಿದ್ದಕ್ಕೆ ಹೇಳಿದರು: ಇವತ್ತು ತೊಳೆದದ್ದು ನೀರಲ್ಲೇ ಇದ್ದ ಕಾಫಿ, ಇನ್ನೊಂದು ತಾಸು ನೆಂದರೆ ಅದಕ್ಕೇನು? ನಿಜ. ಸಿಪ್ಪೆ ಸುಲಿದ ಮೇಲೆ ಮೈಗೆ ಅಂಟಿದ ಲೋಳೆ ಹೋಗುವವರೆಗೆ ತೊಟ್ಟಿಯಲ್ಲಿ ಕೂತು, ಮೂರು-ನಾಲ್ಕು ನೀರಲ್ಲಿ ತೊಳೆಸಿಕೊಂಡು ಬಂದ ಬೀಜ ಅದು. ಮಳೆ ನಿಂತ ಮೇಲೆ ಬಸಿದು ಹೋಗುತ್ತದೆ. ಶೇಕಡಾ 10ರ ತೇವಕ್ಕೆ ಬಂದು ನಿಂತ ಪಾರ್ಚ್‌ಮೆಂಟ್ ಹಾಗಲ್ಲ. ಅದು ಮತ್ತೆ ನೀರು ಕುಡಿದರೆ ಒಳಗಿನ ಬೀಜ ಒಂದೇ ಸಮ ಉಬ್ಬುವುದಿಲ್ಲ, ಮಚ್ಚೆ ಮಚ್ಚೆಯಾಗಿ ಬಿಳಿಚಿಕೊಳ್ಳುತ್ತದೆ. ಆಮೇಲೆ ಎಷ್ಟು ಬಿಸಿಲು ತೋರಿಸಿದರೂ ಆ ನೀಲಿ-ಬೂದು ಬಣ್ಣ ವಾಪಸ್ ಬರುವುದಿಲ್ಲ. ನೂರು ಕೆಜಿ ಅರೇಬಿಕಾ ಹಣ್ಣಿಗೆ ಸಿಗುವುದೇ ಸುಮಾರು ಇಪ್ಪತ್ತು ಕೆಜಿ ಪಾರ್ಚ್‌ಮೆಂಟ್. ಅಂದರೆ ಆ ಒಂದು ರಾಶಿಯ ಹಿಂದೆ ಅದರ ಐದರಷ್ಟು ಹಣ್ಣಿನ ಕುಯ್ಲು ಕೂಲಿ ಆಗಲೇ ಖರ್ಚಾಗಿ ಕೂತಿತ್ತು.

ಮುಚ್ಚಿದ ರೀತಿಯನ್ನೂ ಬರೆದಿಡುತ್ತೇವೆ, ಮುಂದಿನ ವರ್ಷ ನಮಗೇ ಬೇಕಾಗುತ್ತದೆ. ರಾಶಿಯನ್ನು ಗುಡ್ಡೆಯಾಗಿ ಮಾಡಲು ಬಿಡಲಿಲ್ಲ. ಗೋರುಮಣೆಯಲ್ಲಿ ಎಳೆದು ಉದ್ದುದ್ದ ಬದು ಮಾಡಿಸಿದರು, ಅದೂ ಕಣದ ಇಳಿಜಾರಿನ ದಿಕ್ಕಿಗೇ. ಅಡ್ಡ ಬದು ಮಾಡಿದರೆ ಮೇಲಿಂದ ಹರಿದು ಬಂದ ನೀರು ಅದಕ್ಕೇ ಕಟ್ಟೆ ಕಟ್ಟಿದ ಹಾಗೆ ನಿಂತು ಬುಡದಿಂದ ನೆನೆಸುತ್ತದೆ. ಪ್ರತಿ ಬದುವಿನ ಮೇಲ್ತುದಿಗೆ, ಹೊಟ್ಟು ತುಂಬಿದ ಗೋಣಿಚೀಲ ಎರಡನ್ನು ಬಾಣದ ಮೊನೆ ಥರ ಜೋಡಿಸಿದರು. ನೀರು ಅಲ್ಲಿಗೆ ಬಂದು ಎರಡು ಕಡೆಗೆ ಸೀಳಿತು. ಕಾಫಿಯ ಮೇಲೆ ಮೊದಲು ಒಣಗಿದ ಗೋಣಿತಾಟು, ಆಮೇಲೆ ಟಾರ್ಪಾಲು. ಬರೀ ಪ್ಲಾಸ್ಟಿಕ್ ಹೊದಿಸಿದರೆ ಒಳಗಿನ ಬಿಸಿ ಉಸಿರು ಅದರ ತಳಕ್ಕೆ ಹನಿಯಾಗಿ ಕೂತು ವಾಪಸ್ ಕಾಫಿಗೇ ತೊಟ್ಟಿಕ್ಕುತ್ತದೆ. ಗೋಣಿ ಇದ್ದರೆ ಅದು ಕುಡಿಯುತ್ತದೆ. ಟಾರ್ಪಾಲಿನ ಅಂಚನ್ನು ರಾಶಿಯ ಅಡಿಗೆ ಮಡಚಿ ಸಿಕ್ಕಿಸಿದ್ದವರಿಗೆ ಬೈಗುಳ ಸಿಕ್ಕಿತು. ಅಂಚು ಆಚೆಗೆ ಚಾಚಿರಬೇಕು, ಅದರ ಮೇಲೆ ಕಲ್ಲು. ಒಳಗೆ ಮಡಚಿದರೆ ಮೇಲಿಂದ ಜಾರಿದ ನೀರು ಮಡಿಕೆಯ ದಾರಿಯಲ್ಲೇ ಕಾಫಿಗೆ ಹೋಗುತ್ತದೆ.

ಇಷ್ಟು ಕೆಲಸ, ಹೇಳಿಕೊಟ್ಟರೆ ಯಾರಾದರೂ ಮಾಡಿಯಾರು. ನಾವು ಋಣಿಯಾಗಿರುವುದು ಅದರ ಮುಂದಿನದಕ್ಕೆ.

ರಾತ್ರಿ ಮೂರರ ಹೊತ್ತಿಗೆ ಮಳೆ ಹೊಳವಾಯಿತು. ಮೋಡ ಹಾಗೇ ಇತ್ತು. ಇನ್ನು ಬೆಳಗಿನವರೆಗೆ ಮುಟ್ಟೋದು ಬೇಡ ಅಂತ ಎಲ್ಲರೂ ಶೆಡ್ಡಿಗೆ ಹೋಗಿ ಕೂತರು. ಅಕ್ಕ ಮೂರು ದಿನದ ರಾಶಿಗೆ ಮೊಣಕೈವರೆಗೆ ಕೈ ಹಾಕಿ ನೋಡಿದರು. ಬಿಸಿ ಇತ್ತು. ಅರೆ ಒಣಗಿದ ಕಾಫಿಯೇ ಕಣದಲ್ಲಿ ಎಲ್ಲಕ್ಕಿಂತ ಅಪಾಯದ್ದು: ಹಸಿಯದ್ದರ ಹಾಗೆ ಇನ್ನೊಮ್ಮೆ ತೊಳೆದು ಸರಿ ಮಾಡಲಾಗದು, ಒಣಗಿದ್ದರ ಹಾಗೆ ಸುಮ್ಮನೆ ಮುಚ್ಚಿಡಲೂ ಆಗದು. ಗಾಳಿಯಿಲ್ಲದೆ ದಪ್ಪಗೆ ಬಿದ್ದಿದ್ದರೆ ಒಳಗೇ ಕಾಯುತ್ತದೆ, ಹುಳಿ ವಾಸನೆ ಹತ್ತುತ್ತದೆ, ಬೂಷ್ಟು ಕಟ್ಟುತ್ತದೆ. 2021ರ ಜನವರಿ ಮೊದಲ ವಾರ ಚಿಕ್ಕಮಗಳೂರು, ಹಾಸನ, ಕೊಡಗಿನಲ್ಲಿ ಸುರಿದ ಮಳೆ ನೆನಪಿರಬೇಕಲ್ಲ. ಆಗ ಅಕ್ಕ ಬೇರೊಂದು ಕಣದಲ್ಲಿದ್ದರು. ಎರಡು ದಿನ ಭದ್ರವಾಗಿ ಮುಚ್ಚಿಟ್ಟ ರಾಶಿ ತೆಗೆದಾಗ ಬಂದ ವಾಸನೆ ಅವರ ಮೂಗಲ್ಲಿ ಇನ್ನೂ ಇದೆಯಂತೆ. ಒಂದು ಹನಿ ನೀರು ತಾಗದೆಯೂ ಆ ರಾಶಿ ಹೋಗಿತ್ತು.

ತೆಗೀರಿ ಅಂದರು. ಯಾರೂ ಏಳಲಿಲ್ಲ. ಒಬ್ಬರೇ ಕಲ್ಲು ಸರಿಸಲು ಶುರು ಮಾಡಿದರು.

ಇಲ್ಲಿ ನಮ್ಮ ಕಡೆಯ ತಪ್ಪು ಬರೆಯಲೇಬೇಕು. ಅಲ್ಲಿಯವರೆಗೆ ‘ಅಕ್ಕ, ನೀವು’ ಅನ್ನುತ್ತಿದ್ದ ಬಾಯಿ ಆ ಗಳಿಗೆಯಲ್ಲಿ ‘ನಿಂಗೇನು ಗೊತ್ತು, ಮುಚ್ಚೇ ಸುಮ್ನೆ’ ಅಂದಿತು. ಯಾರ ಬಾಯಿ ಅನ್ನುವುದು ಬೇಡ, ಐದು ಮನೆಯವರಲ್ಲಿ ತಡೆದವರು ಒಬ್ಬರೂ ಇಲ್ಲ. ಅವರು ತಿರುಗಿ ಏನೂ ಅನ್ನಲಿಲ್ಲ, ಕಲ್ಲು ತೆಗೆಯುತ್ತಲೇ ಇದ್ದರು. ಮರುವಾರ ಬಟವಾಡೆಗೆ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ತೆಗೆದಾಗ ಕಣ್ಣಿಗೆ ಬಿದ್ದದ್ದು ಇನ್ನೊಂದು: ಅವರ ಹೆಸರಿನ ಮುಂದೆ ‘ಹೆಣ್ಣಾಳು, 1’. ಅವರು ಹೇಳಿದ ಕಡೆ ಟಾರ್ಪಾಲಿನ ತುದಿ ಹಿಡಿದು ನಿಂತಿದ್ದ, ಈ ವರ್ಷವಷ್ಟೇ ಕೆಲಸಕ್ಕೆ ಬಂದ ಹುಡುಗನಿಗೆ ‘ಗಂಡಾಳು, 1’. ಅವನ ಕೂಲಿ ಹೆಚ್ಚು. ಇಷ್ಟು ವರ್ಷ ಹಾಗೇ ಬರೆಯುತ್ತಾ ಬಂದಿದ್ದೇವೆ, ಓದುತ್ತಲೂ ಬಂದಿದ್ದೇವೆ. ನಾಚಿಕೆ ಅನ್ನುವುದು ಸಣ್ಣ ಮಾತು. ಪುಸ್ತಕದಲ್ಲಿ ಅದನ್ನು ತಿದ್ದಿದ್ದೇವೆ, ಹಿಂದಿನ ತಿಂಗಳಿಂದಲೇ ಲೆಕ್ಕ ಹಾಕಿ ಕೊಟ್ಟಿದ್ದೇವೆ. ಇದನ್ನು ಉಪಕಾರ ಅಂತ ಯಾರೂ ಓದಬೇಡಿ, ಬಾಕಿ ತೀರಿಸಿದ್ದು.

ಟಾರ್ಪಾಲು ತೆಗೆಯುವುದರಲ್ಲೂ ಒಂದು ಕ್ರಮವಿದೆ. ಅದರ ಮೇಲೆ ಅಲ್ಲಲ್ಲಿ ನೀರು ನಿಂತಿರುತ್ತದೆ. ಮೇಲಿನ ತುದಿ ಹಿಡಿದು ಕೆಳಗಿನ ಚರಂಡಿ ಕಡೆಗೆ ಎಳೆದರೆ ನೀರು ಅದರ ಜೊತೆಗೇ ಜಾರುತ್ತದೆ. ಕೆಳಗಿನಿಂದ ಮೇಲಕ್ಕೆ ಸುತ್ತಿಕೊಂಡು ಹೋದರೆ ಅಷ್ಟೂ ಕಾಫಿಯ ಮೇಲೆ. ತೆಗೆದ ಮೇಲೆ ನೆನೆದ ಗೋಣಿ ಆಚೆ ಹಾಕಿ, ಬದು ಮುರಿದು, ಕಾಫಿಯನ್ನು ತೆಳ್ಳಗೆ ಹರಡಿ ತಿರುವಿ ಹಾಕಿದರು. ಜಾಗ ಹಿಡಿದಷ್ಟನ್ನು ಲೈನ್ ಮನೆಯ (ಆಳುಗಳ ಸಾಲುಮನೆಯ) ಜಗಲಿಗೂ ಗೋಡೌನಿನ ನೆಲಕ್ಕೂ ಸಾಗಿಸಿ ಎರಡು ಬೆರಳು ದಪ್ಪಕ್ಕೆ ಹರಡಿಸಿದರು, ತಾಸಿಗೊಮ್ಮೆ ಕೈಯಾಡಿಸಲು ಇಬ್ಬರನ್ನು ಕೂರಿಸಿದರು. ಐದು ಗಂಟೆಗೆ ಮತ್ತೆ ಹನಿ. ಮತ್ತೆ ಮುಚ್ಚು. ಆರೂವರೆಗೆ ಮತ್ತೆ ತೆಗೆ. ಮೂರನೇ ಸಲ ತೆಗೆಯುವಾಗ ಹೇಳುವುದಕ್ಕೆ ಮೊದಲೇ ಎಲ್ಲರ ಕೈಯೂ ಟಾರ್ಪಾಲಿನ ಮೇಲಿತ್ತು.

ನಡುವೆ ತೊಟ್ಟಿಯನ್ನೂ ಮರೆಯಲಿಲ್ಲ. ಹಿಂದಿನ ಸಂಜೆ ಪಲ್ಪ್ ಮಾಡಿದ್ದು ಅಲ್ಲಿತ್ತು. ಅರೇಬಿಕಾಗೆ 24ರಿಂದ 36 ತಾಸು ಅನ್ನುತ್ತಾರಾದರೂ ಚಳಿಗೆ, ಮಳೆಗೆ ಲೋಳೆ ಬಿಡುವುದು ತಡ. ಗಡಿಯಾರ ನೋಡಿ ತೊಳೆದರೆ ಜಿಗುಟು ಉಳಿದು ಒಣಗುವಾಗ ಬಣ್ಣ ಕೆಡುತ್ತದೆ. ಬಿಟ್ಟು ಮರೆತರೆ ಹುಳಿ. ಅಕ್ಕನ ಲೆಕ್ಕ ಕೋಲಿನದು. ರಾಶಿಗೆ ಕೋಲು ಚುಚ್ಚಿ ತೆಗೆದಾಗ ತೂತು ಮುಚ್ಚಿಕೊಳ್ಳದೆ ನಿಲ್ಲಬೇಕು, ಒಂದು ಹಿಡಿ ತೊಳೆದು ಉಜ್ಜಿದರೆ ಬೆಣಚುಕಲ್ಲಿನ ಹಾಗೆ ಗರಗರ ಅನ್ನಬೇಕು. ಆ ದಿನ 34ನೇ ತಾಸಿಗೆ ಅಂದಿತು.

ಬಿಸಿಲು ಬಂದದ್ದು ನಾಲ್ಕನೇ ದಿನ. ಇನ್ನೇನು ಹೊರಗೆ ಹಾಕಿ ಸುಡಿಸಿಬಿಡೋಣ ಅನ್ನುವ ಆತುರ ಎಲ್ಲರಿಗೂ. ಅದಕ್ಕೂ ಅಡ್ಡ ನಿಂತರು. ಎರಡು-ಮೂರು ದಿನ ನೆರಳಲ್ಲಿದ್ದ ಪಾರ್ಚ್‌ಮೆಂಟಿಗೆ ಒಮ್ಮೆಗೇ ಸುಡುಬಿಸಿಲು ತಾಗಿದರೆ ಸಿಪ್ಪೆ ಸೀಳುತ್ತದೆ. ಮಧ್ಯಾಹ್ನ ಹನ್ನೆರಡರಿಂದ ಎರಡೂವರೆ ಗೋಣಿ ಹೊದಿಸಿಯೇ ಇಟ್ಟರು. ಒಣಗಲು ಎರಡು ದಿನ ಹೆಚ್ಚು ಹಿಡಿಯಿತು, ಸಿಪ್ಪೆ ಇಡಿಯಾಗಿ ಉಳಿಯಿತು.

ಕೊನೆಯ ಲೆಕ್ಕ: ಎರಡು ಮೂಟೆ ಬಣ್ಣಗೆಟ್ಟಿದೆ. ಅದನ್ನು ಬೇರೆಯೇ ಇಟ್ಟು ಗುರುತು ಹಾಕಿದ್ದೇವೆ, ಒಳ್ಳೆಯದಕ್ಕೆ ಬೆರೆಸಿಲ್ಲ. ಒಂದು ಹಿಡಿ ಹುಳಿ ಬೀಜ ಸಾಕು, ಇಡೀ ಮೂಟೆಯ ರುಚಿ ಕೆಡಿಸಲು. ಮೂಲೆಯ ಚೆರಿಯಲ್ಲಿ ಸ್ವಲ್ಪ ಬೂಷ್ಟು ಬಂದಿತ್ತು, ಆರಿಸಿ ಎಸೆದೆವು. ಉಳಿದದ್ದೆಲ್ಲ ನಿಂತಿತು. ಗಿಡದಲ್ಲಿ ಸೀಳಿ ಉದುರಿದ ಹಣ್ಣಿನ ಲೆಕ್ಕ ಬೇರೆ. ಅದಕ್ಕೆ ಅಕ್ಕನ ಹತ್ತಿರವೂ ಮದ್ದಿಲ್ಲ.

ಅಕ್ಕಾ, ಮೊಮ್ಮಗಳು ಇದನ್ನು ನಿಮಗೆ ಓದಿ ಹೇಳುತ್ತಾಳೆ ಅಂತ ಗೊತ್ತು. ಎಳ್ಳು ತಿಂದು ಒಳ್ಳೆ ಮಾತಾಡಿ ಅಂತ ನೀವೇ ಬಂದು ಕೊಟ್ಟಿರಿ, ಆ ರಾತ್ರಿ ಕೆಟ್ಟ ಮಾತಾಡಿದ ಮನೆಗೇ ಮೊದಲು. ಆ ದಿನ ನಮಗೆ ಮಾತೇ ಹೊರಡಲಿಲ್ಲ, ಅದಕ್ಕೆ ಇಷ್ಟುದ್ದ ಬರೆದದ್ದು.

ಕೆಳಗಿನ ಮನೆಯವರಿಗೆ ಒಂದು ಮಾತು. ನಿಮ್ಮ ನಾಲ್ಕು ಟಾರ್ಪಾಲೂ ಇಲ್ಲಿವೆ. ಎರಡೂ ಮಗ್ಗುಲು ಒಣಗಿಸದೆ ಮಡಚಬಾರದು ಅಂತ ಅಕ್ಕನ ಅಪ್ಪಣೆಯಾಗಿತ್ತು, ಹಾಗಾಗಿ ತಡವಾಯಿತು. ಒಂದರ ಮೂಲೆ ಹರಿದಿತ್ತು, ಹೊಲಿಸಿದ್ದೇವೆ. ಮೂರನ್ನು ನಾಳೆ ಕಳಿಸುತ್ತೇವೆ. ನಾಲ್ಕನೆಯದನ್ನು ರೋಬಸ್ಟಾ ಕಣ ಬಿಡುವವರೆಗೆ ಇಟ್ಟುಕೊಳ್ಳಲೇ ಅಂತ ಅಕ್ಕ ಕೇಳಿಸಿದ್ದಾರೆ.