ಪೈಂಟ್ ಬಳಿಯುವ ಮೊದಲು ಶಿಲ್ಪವನ್ನು ಬಡಿದು ನೋಡಿ

ಸಂಪಾದಕರಿಗೆ,

ತಿರುವನಂತಪುರದ ಶಂಖುಮುಖ ಕಡಲತೀರದಲ್ಲಿ ಮಲಗಿರುವ 87 ಅಡಿಯ ಸಾಗರಕನ್ಯಕಾ ಶಿಲ್ಪವನ್ನು ಹಲವರು ನೋಡಿರಬಹುದು. ಅದನ್ನು ಕಡೆದ ಕಾನಾಯಿ ಕುಂಞಿರಾಮನ್ ನಮ್ಮ ಕಾಸರಗೋಡು ಜಿಲ್ಲೆಯ ಕುಟ್ಟಮತ್ತಿನಲ್ಲಿ ಹುಟ್ಟಿದವರು. ರಾಜಧಾನಿಯ ಆ ಕಾಂಕ್ರೀಟ್ ಶಿಲ್ಪವಿರಲಿ, ಕಾಸರಗೋಡಿನ ಕರಾವಳಿಯ ಪ್ರತಿಮೆಗಳಿರಲಿ, ಎಲ್ಲಕ್ಕೂ ಕಾಡುವ ರೋಗ ಒಂದೇ: ಉಪ್ಪುಗಾಳಿ. ಸಮಾರಂಭ ಹತ್ತಿರ ಬಂದಾಗ ಇನಾಮಲ್ ಪೈಂಟ್ ಬಳಿದರೆ ಈ ರೋಗ ವಾಸಿಯಾಗುವುದಿಲ್ಲ, ಮುಚ್ಚಿಹೋಗುತ್ತದೆ.

ಸಿಮೆಂಟಿನ ಕ್ಷಾರಗುಣವೇ ಒಳಗಿನ ಕಬ್ಬಿಣಕ್ಕೆ ರಕ್ಷೆ. ಉಪ್ಪು ಸರಳಿನವರೆಗೆ ಇಳಿದರೆ ಆ ರಕ್ಷೆ ಹೋಯಿತು. ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಕಾಂಕ್ರೀಟು ಸೀಳದೆ ಇನ್ನೇನು ಮಾಡೀತು? ಕರಾವಳಿಯ ಕಟ್ಟಡದಲ್ಲಾದರೆ ಸರಳಿನ ಮೇಲೆ 45 ಮಿ.ಮೀ. ಕಾಂಕ್ರೀಟು ಇರಬೇಕೆಂಬ ನಿಯಮವಿದೆ. ಶಿಲ್ಪದ ಬೆರಳಿಗೆ, ಮೂಗಿಗೆ, ಸೆರಗಿನ ಅಂಚಿಗೆ ಅಷ್ಟು ದಪ್ಪ ಎಲ್ಲಿಂದ ಬರಬೇಕು? ಹಾಗಾಗಿ ಮೊದಲು ಉದುರುವುದೂ ಅವೇ. ಹೊಸ ಶಿಲ್ಪಗಳಲ್ಲಿ ಈ ತೆಳು ಭಾಗಗಳಿಗಾದರೂ ಸ್ಟೇನ್‌ಲೆಸ್ ಸರಳು ಹಾಕಿಸಬೇಕು. ಕಡಲ ಹೊಯಿಗೆ (ಮರಳು), ಉಪ್ಪುಬಾವಿಯ ನೀರು ಎರಡನ್ನೂ ಹತ್ತಿರ ಸೇರಿಸಬಾರದು.

ಸರಳಿನ ಗುಂಟ ನೇರವಾಗಿ ಓಡುವ ಕೂದಲೆಳೆಯ ಬಿರುಕು, ಅದರ ಬಾಯಲ್ಲಿ ಕಂದು ಕಲೆ: ರೋಗದ ಮೊದಲ ಗುರುತು ಇದು. ಮಡಿಲು, ಮೊಣಕೈ ಮಡಿಕೆಯಂಥ ನೀರು ನಿಲ್ಲುವ ಜಾಗಗಳನ್ನು ಮೊದಲು ನೋಡಿ. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿದಾಗ ಗಟ್ಟಿ ಜಾಗ 'ಟಣ್' ಎನ್ನುತ್ತದೆ, ಟೊಳ್ಳಾದದ್ದು 'ಡಬ್' ಎನ್ನುತ್ತದೆ. ಟೊಳ್ಳು ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಫೋಟೊ ತೆಗೆದಿಡಿ. ಆಮೇಲೆ ಸರಳಿನ ಹಿಂದೆಯೂ ಬೆರಳಗಲ ಜಾಗ ಬರುವಷ್ಟು ಕಡಿಯಬೇಕು. ಎದುರಿಗಷ್ಟೇ ಕೆತ್ತಿ ಗಾರೆ ಮೆತ್ತಿದರೆ ಹಿಂಬದಿಯ ತುಕ್ಕು ಕೆಲವೇ ಮಳೆಗಾಲದಲ್ಲಿ ಅದನ್ನು ಹೊರದೂಡುತ್ತದೆ. ತಂತಿಬ್ರಷ್‌ನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಸಿಹಿನೀರಲ್ಲಿ ತೊಳೆದು ಒಣಗಿಸಿ, ಸತುವಿನ ಪ್ರೈಮರ್ ಹಚ್ಚಿ, ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆಯನ್ನು ತೆಳು ಪದರಗಳಾಗಿ ಒತ್ತಬೇಕು. ಮೊದಲ ದಿನ ಒದ್ದೆ ಗೋಣಿ ಹೊದೆಸಿ ಬಿಸಿಲು ತಪ್ಪಿಸುವುದು ಮುಖ್ಯ. ಕೊನೆಗೆ, ನೀರನ್ನು ತಡೆದರೂ ಒಳಗಿನ ತೇವವನ್ನು ಹೊರಬಿಡುವ ಸಿಲೇನ್ ಲೇಪ ಸಾಕು.

ಇಷ್ಟೆಲ್ಲ ಗೊತ್ತಿದ್ದೂ ಕೆಲಸ ಕೆಡುವುದು ಕಾಗದದಲ್ಲಿ. ಎಸ್ಟಿಮೇಟಿನಲ್ಲಿ 'ಇಷ್ಟು ಚದರಡಿ ಪೈಂಟಿಂಗ್' ಎಂದಿದ್ದರೆ ಗುತ್ತಿಗೆದಾರ ಪೈಂಟನ್ನೇ ಬಳಿಯುತ್ತಾನೆ, ಅವನದು ತಪ್ಪಲ್ಲ. ಬಡಿದು ಪರೀಕ್ಷಿಸುವುದು, ಸರಳು ಬಿಡಿಸಿ ದುರಸ್ತಿ ಮಾಡುವುದು, ಇವೆರಡನ್ನೂ ಬೇರೆ ಬೇರೆ ಬಾಬತ್ತಾಗಿ ಬರೆಯಬೇಕು. ಶಿಲ್ಪಿ ಬದುಕಿದ್ದರೆ ಅವರ ಒಪ್ಪಿಗೆಯಿಲ್ಲದೆ ಉಳಿ ಮುಟ್ಟಿಸಬಾರದು. ಕೆಲಸ ಫೆಬ್ರವರಿಯಲ್ಲಿ ಹಿಡಿದು ಏಪ್ರಿಲ್ ಒಳಗೆ ಮುಗಿಯಲಿ.

– ಕಾಂಕ್ರೀಟ್ ದುರಸ್ತಿ ವೃತ್ತಿಯ ಓದುಗರು, ಕುಂಬಳೆ